ತಲೆಲೆಕ್ಕ

ಫಾರಂನಲ್ಲಿ ಮೂರು ಸಾಲು:
ಗಂಡ ಹೆಂಡತಿ, ಎಂಟು ನೂರು.
ಮಕ್ಕಳಿದ್ದರೆ ಹನ್ನೆರಡು ನೂರು.
ಐದು ವರ್ಷದೊಳಗಿನವರಿಗೆ ಪುಕ್ಕಟೆ.
ನಾನು ಪ್ರತಿವರ್ಷ ನಾಲ್ಕು ನೂರು ಕಟ್ಟುತ್ತೇನೆ,
ಅರ್ಧ ಜೋಡಿ.
ಹನ್ನೊಂದು ವರ್ಷದಿಂದ ಈ ಫಾರಂ ಬರೆಯುವವಳೂ ನಾನೇ,
ನಾಲ್ಕನೇ ಸಾಲು ಹಾಕಲು
ಕೈ ಬರಲಿಲ್ಲ, ಅಷ್ಟೆ.

ಶುಕ್ರವಾರ ಜೆಪ್ಪುವಿನಿಂದ ಹೆಜಮಾಡಿಗೆ ಬಸ್ಸು.
ಡ್ರೈವರ್ ಹೇಳಿದ್ದು ಐದೂವರೆ,
ನಾನು ಸಭೆಗೆ ಹೇಳಿದ್ದು ಐದು,
ಸಭೆ ಬಂದದ್ದು ಆರೂಕಾಲಿಗೆ.
ಪಟ್ಟಿಯಲ್ಲಿ ಅರುವತ್ತಮೂರು ಹೆಸರು, ಬಸ್ಸಿನಲ್ಲಿ ಅರುವತ್ತನಾಲ್ಕು ತಲೆ.
ಇನ್ನೊಮ್ಮೆ ಎಣಿಸಿದರೆ ಅರುವತ್ತೆರಡು.
ಅಷ್ಟರಲ್ಲಿ ಹೆರ್ಮನ್ ಮಾಮ ಪ್ರಾರ್ಥನೆ ಶುರು ಮಾಡಿಬಿಟ್ಟರು.
ಕಣ್ಣು ಮುಚ್ಚಿದವರನ್ನು ಎಣಿಸುವುದು ಸುಲಭ,
ಅಲ್ಲಾಡುವುದಿಲ್ಲ.
ಅರುವತ್ತಮೂರು. ಆಮೆನ್. ರೈಟ್, ಪೋಯಿ.

ಶಾಲೆಯಲ್ಲಿ ಫ್ಯಾನಿರುವುದು ಎರಡೇ ಕೋಣೆಗೆ.
ಆರನೇ ಕ್ಲಾಸು ಹೆಂಗಸರಿಗೆ, ಏಳನೇ ಕ್ಲಾಸು ಗಂಡಸರಿಗೆ.
ಕುಟುಂಬ ಶಿಬಿರದಲ್ಲಿ ಮೊದಲು ಮಾಡುವ ಕೆಲಸ
ಕುಟುಂಬ ಒಡೆಯುವುದು.
ಒಂದು ಟೂತ್‌ಪೇಸ್ಟಿಗಾಗಿ ಜಗಲಿಯುದ್ದ ಮಕ್ಕಳ ಓಡಾಟ:
ಪಪ್ಪನ ಹತ್ತಿರ ಉಂಟಂತೆ, ಇಲ್ಲ, ಮಮ್ಮಿಯ ಚೀಲದಲ್ಲಿ ಉಂಟಂತೆ.
ಚಾಪೆ ಎಣಿಸುವಾಗ ನೋಡುತ್ತೇನೆ,
ಗೊಟ್ಲಿಬ್ ಸಾಲಿನ್ಸ್, ಪಕ್ಕದಲ್ಲೇ ಬೆಂಜಮಿನ್ ಸಾಲಿನ್ಸ್.
ಅಣ್ಣ ತಮ್ಮ. ನಡುಗೋಡೆಯ ವ್ಯಾಜ್ಯ, ಒಂಬತ್ತು ವರ್ಷ.
ವಕೀಲರಿಗೆ ತೆತ್ತದ್ದರಲ್ಲಿ
ಇನ್ನೆರಡು ಮನೆ ಕಟ್ಟಬಹುದಿತ್ತು, ಗೋಡೆ ಸಮೇತ.
ನಾನು ಪಟ್ಟಿ ಮಾಡಿದ್ದು ಮನೆಹೆಸರಿನ ಅಕ್ಷರಕ್ರಮದಲ್ಲಿ,
ಬೇಕೆಂದೇ ಮಾಡಿದ್ದಲ್ಲ.
ಆಣೆ ಇಡಬಾರದೆಂದು ಬರೆದಿದೆ,
ಇಲ್ಲವಾದರೆ ಇಡುತ್ತಿದ್ದೆ.
ಇಬ್ಬರ ನಡುವೆ ಒಂದೇ ಸೊಳ್ಳೆಬತ್ತಿ.

ಶನಿವಾರ ಉಡುಪಿಯಿಂದ ಬಂದ ಅಯ್ಯನವರು
ಸುಖೀ ಸಂಸಾರಕ್ಕೆ ಏಳು ಕೀಲಿಕೈ ಎಂದರು.
ನಾನು ಅಡುಗೆ ಶೆಡ್ಡಿನಲ್ಲಿದ್ದೆ. ತೊಂಬತ್ತು ಮೊಟ್ಟೆ,
ಪುಂಡಿಗೆ ಅರೆದದ್ದು ಸಾಲದು,
ಕೋಳಿಯವ ಫೋನು ಎತ್ತುವುದಿಲ್ಲ.
ನನಗೆ ಕೇಳಿಸಿದ್ದು ನಾಲ್ಕನೆಯ ಕೀಲಿಕೈ, ಅದೂ ಅರ್ಧ:
ಕೇಳಿಸಿಕೊಳ್ಳುವುದು, ಪ್ರಿಯರೇ, ಕೇಳಿಸಿಕೊಳ್ಳು...
ಕರೆಂಟು ಹೋಯಿತು.

ಮಧ್ಯಾಹ್ನ ಬಾವಿಯ ಹಗ್ಗ ಬಿಚ್ಚಿ ಹಗ್ಗಜಗ್ಗಾಟ.
ಮದುವೆಯಾದವರು ಈಚೆ, ಆಗದವರು ಆಚೆ.
ಆಚೆ ಎಂಟು ಕಾಲೇಜು ಹುಡುಗರು, ಮತ್ತೆ ನಾನು.
ಹೆಡ್ವಿಗ್ ಅಮ್ಮನ್ನ ತಡವಾಗಿ ಬಂದಳು.
ಫಾರಂನಲ್ಲಿ ಇಬ್ಬರು ಎಂದು ಬರೆದು
ಕಾಟು ಹೊಡೆದು, ಒಬ್ಬಳು ಎಂದು ತಿದ್ದಿದವಳು,
ಎಂಟು ನೂರೂ ಕಟ್ಟಿದವಳು.
ಹಗ್ಗದ ನಡುವೆ ಕಟ್ಟಿದ ಕೆಂಪು ಕರವಸ್ತ್ರದ ಹತ್ತಿರ ನಿಂತಳು.
ಯಾವ ಕಡೆಗೆಂದು ಯಾರೂ ಹೇಳಲಿಲ್ಲ,
ನಾನೂ.
ಅವಳೇ ನನ್ನ ಕುತ್ತಿಗೆಯಿಂದ ಸೀಟಿ ತೆಗೆದು
ಊದಿದಳು, ಬೇಕಾದ್ದಕ್ಕಿಂತ
ತುಂಬ ಹೊತ್ತು.
ನಾವು ಸೋತೆವು. ಹೊಯಿಗೆಯಲ್ಲಿ ನನ್ನ ಕನ್ನಡಕ ಹುಡುಕಲು
ಗೆದ್ದವರೆಲ್ಲ ಮೊಣಕಾಲೂರಿದರು.

ಭಾನುವಾರ ಚಹಾ ಕೊಡಲು ಹೋದರೆ
ಸೊಳ್ಳೆಬತ್ತಿ ಗೊಟ್ಲಿಬರ ತಲೆದಿಂಬಿನ ಕಡೆ ಸರಿದಿತ್ತು.
ಗಾಳಿಗೆ ಇರಬಹುದು ಎಂದರು ಹೆರ್ಮನ್ ಮಾಮ.
ತಗಡಿನ ತಟ್ಟೆ ಸಮೇತ
ಸರಿಸುವ ಗಾಳಿ ಹೆಜಮಾಡಿಯಲ್ಲೂ ಇಲ್ಲ.
ಮಾತಾಡಿದರಾ ಎಂದು ಎಲ್ಲರೂ ನನ್ನನ್ನು ಕೇಳುವವರೇ.
ಇಲ್ಲ ಮಾರಾಯ್ರೆ. ಕರ್ತನ ಭೋಜನಕ್ಕೂ
ಬೇರೆ ಬೇರೆ ಸಾಲಿನಲ್ಲಿ ನಿಂತರು.
ಮುಂದಿನ ವಾಯಿದೆ ಹದಿನೆಂಟಕ್ಕೆ.

ಈಗ ನನ್ನ ಮೇಜಿನ ಕೆಳಗೆ
ಯಾರದೋ ಮಗುವಿನ ಎಡಗಾಲಿನ ಚಪ್ಪಲಿ,
ಒಂದು ಟಿಫಿನ್ ಮುಚ್ಚಳ, ವಾರಸುದಾರರಿಲ್ಲದ ಟವೆಲು ಮೂರು.
ಕೋಳಿಯ ಲೆಕ್ಕದಲ್ಲಿ ಇನ್ನೂರ ಎಪ್ಪತ್ತು ನನ್ನ ಕೈಯಿಂದ.
ಹೆಡ್ವಿಗಳಿಗೆ ನಾಲ್ಕು ನೂರು ವಾಪಸು ಕೊಡಲು ಹೋದೆ.
ಇರಲಿ, ಅವರದ್ದು, ಎಂದಳು.
ಯಾವ ಬಾಬ್ತಿಗೆ ಬರೆಯುವುದೆಂದು ತಿಳಿಯದೆ
ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತಿದ್ದೇನೆ.
ಒಟ್ಟು ಮಂದಿ ಅರುವತ್ತನಾಲ್ಕು ಎಂದು ಬರೆದರೆ
ಜಮೆ ಸರಿಹೋಗುತ್ತದೆ.
ಆಡಿಟರು ಕೇಳಿಯಾರು.